ಕುದುರೆ ಎಣಿಸಿದಿರಿ, ಹಲ್ಲು ನೋಡಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಟೊಯೋಟಾ ಎಂಆರ್2 ಎಂಬ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಎಂಜಿನ್ ಕೂರಿಸುವ ಬಗ್ಗೆ ಒಂದು ಪುಟ ಬಂದಿತ್ತು. ಚೆನ್ನಾಗಿತ್ತು. ನಮ್ಮ ಗ್ಯಾರೇಜಿನ ಹುಡುಗರು ಎಣ್ಣೆಗೈಯಲ್ಲೇ ಹಿಡಿದು ಓದಿದರು. ಈಗ ಆ ಪುಟ ಟೂಲ್ ಬೋರ್ಡಿನ ಪಕ್ಕ ಗೋಡೆಗೆ ಅಂಟಿದೆ, ಮೇಲೆ ನಾಲ್ಕು ಹೆಬ್ಬೆರಳಿನ ಗುರುತು. ಆದರೆ 138 ಕುದುರೆಶಕ್ತಿಯ ಎಂಜಿನ್ ಇಳಿಸಿ 268 ಕುದುರೆಶಕ್ತಿಯದ್ದು ಏರಿಸುವ ಕಥೆಯನ್ನು ಮುಕ್ಕಾಲು ಪುಟ ಹೇಳಿದವರು, ಕೊನೆಗೆ ‘ಗೇರ್ ಬಾಕ್ಸ್ ಹಳೆಯದೇ ಇರಲಿ’ ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದಾರೆ.

ಆ ಒಂದು ಸಾಲಿನಿಂದಲೇ 31 ವರ್ಷ ನನ್ನ ಹೊಟ್ಟೆ ತುಂಬಿದೆ. ನಾನು ಕಲಬುರಗಿಯ ಆಳಂದ ರಸ್ತೆಯಲ್ಲಿ ಗೇರ್ ಬಾಕ್ಸ್ ಕೆಲಸ ಮಾಡುವವನು. ಎಂಜಿನ್ ಕೆಲಸ ಬಂದರೆ ಪಕ್ಕದ ಶೆಡ್ಡಿಗೆ ಕಳಿಸುತ್ತೇನೆ. ಗೇರ್ ಬಾಕ್ಸ್, ಕ್ಲಚ್, ಹಿಂದಿನ ಚಕ್ರ ತಿರುಗಿಸುವ ಕ್ರೌನ್ ಪಿನಿಯನ್, ಇಷ್ಟೇ ನನ್ನ ಲೋಕ. ಎಂಜಿನ್ ಬದಲಿಸಿಕೊಂಡವರು ಮೊದಲು ಪೇಢೆ ಹಿಡಿದುಕೊಂಡು ಪಕ್ಕದ ಶೆಡ್ಡಿಗೆ ಹೋಗುತ್ತಾರೆ. ಆರು ತಿಂಗಳಿಗೆ ನನ್ನ ಹತ್ತಿರ ಬರುತ್ತಾರೆ, ಆಗ ಕೈಯಲ್ಲಿ ಪೇಢೆ ಇರುವುದಿಲ್ಲ.

ನಮ್ಮ ಕಡೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಮೈಕಟ್ಟು, ಕೋಡು ಎಲ್ಲಾ ಆಮೇಲೆ. ನಿಮ್ಮ ಲೇಖಕರು ಕುದುರೆ ಎಣಿಸಿದರು, ಗೇರಿನ ಹಲ್ಲು ನೋಡಲಿಲ್ಲ.

ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಆಳಂದ ಕಡೆಯ ರೈತರೊಬ್ಬರು ಹಳೆಯ ಪೆಟ್ರೋಲ್ ಜೀಪ್ ತಂದರು. ಮೂರು ಗೇರಿನದು. ಪೆಟ್ರೋಲ್ ಕುಡಿಯುತ್ತದೆ, ಡೀಸೆಲ್ ಎಂಜಿನ್ ಹಾಕಿಕೊಡಿ ಅಂದರು. ಹಳೆಯ ಟೆಂಪೊ ಒಂದರ ಎಂಜಿನ್ ಸಿಕ್ಕಿತು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ಬೋಲ್ಟಿನ ತೂತು ಕೂಡುವುದಿಲ್ಲವಲ್ಲ, ನಡುವೆ ಒಂದು ದಪ್ಪ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಲೇತಿನವರ ಹತ್ತಿರ ಮಾಡಿಸಿದೆ. ಡಯಲ್ ಗೇಜ್ ಹಾಕಿ ನೋಡದೆ ಕಣ್ಣಳತೆಯಲ್ಲೇ ಬಿಗಿದೆ. ಎಂಜಿನ್ನಿನ ನಡುಗೆರೆ ಒಂದು ಕಡೆ, ಗೇರ್ ಬಾಕ್ಸಿನ ನಡುಗೆರೆ ಕೂದಲೆಳೆಯಷ್ಟು ಇನ್ನೊಂದು ಕಡೆ. ಎರಡೇ ತಿಂಗಳಿಗೆ ಮುಂದಿನ ಬೇರಿಂಗ್ ಅರೆಯಿತು. ಅದನ್ನು ಬದಲಿಸಿದೆ, ಪ್ಲೇಟ್ ಸರಿ ಮಾಡಿಸಿದೆ, ದುಡ್ಡು ತಗೊಳ್ಳಲಿಲ್ಲ. ಗೇರ್ ಬಾಕ್ಸ್ ಮಾತ್ರ ಅದೇ ಹಳೆಯದು.

ಮಳೆಗಾಲ ಬಂತು. ನಮ್ಮ ಎರೆಮಣ್ಣು ನಿಮಗೆ ಗೊತ್ತಲ್ಲ, ಮಳೆ ಬಿದ್ದರೆ ಚಕ್ರಕ್ಕೆ ಅಂಟಿ ಚಕ್ರವೇ ಎರಡರಷ್ಟಾಗುತ್ತದೆ. ಜೀಪಿನ ಹಿಂದೆ ಟ್ರಾಲಿಯಲ್ಲಿ ತೊಗರಿ ಬೀಜ, ಗೊಬ್ಬರದ ಚೀಲ. ಹೊಲದ ಕೆಸರಿನಲ್ಲಿ ಅರ್ಧ ಗಂಟೆ ಚಕ್ರ ಗಿರಗಿರ ತಿರುಗಿದೆ, ಏನೂ ಆಗಿಲ್ಲ. ಕೊನೆಗೆ ಜನ ಸೇರಿ ತಳ್ಳಿದ್ದಾರೆ. ಚಕ್ರ ಕೆಸರು ಬಿಟ್ಟು ಕಲ್ಲು ಹಾಸಿದ ದಾರಿಗೆ ತಾಕಿದೆ, ಕಾಲು ಇನ್ನೂ ಎಕ್ಸಲೇಟರ್ ಮೇಲೇ ಇದೆ.

“ಕಡಕ್ ಅಂದದ, ನಿಂತದ ನೋಡ್ರಿ ಮಿಸ್ತ್ರಿ,” ಅಂದರು ಅವರು ಬಂದು. ಬೇರೆ ಏನೂ ಅನ್ನಲಿಲ್ಲ.

ಗಾಡಿಯನ್ನು ಕಟ್ಟಿಕೊಂಡು ಎಳೆದು ತಂದೆವು. ಗೇರ್ ಬಾಕ್ಸ್ ಕೆಳಗಿನ ಪ್ಲಗ್ ಬಿಚ್ಚಿದೆ. ಎಣ್ಣೆಯ ಬದಲು ಗಂಧ ತೇಯ್ದಂಥ ಬೂದುಬಣ್ಣದ ನೀರು, ಅದರಲ್ಲಿ ಬೆಳ್ಳಿಯ ಹೊಳಪು. ಮುಚ್ಚಳ ತೆಗೆದು ಟ್ರೇಯಲ್ಲಿ ಬೋರಲು ಹಾಕಿದಾಗ ಲೇ ಶಾಫ್ಟಿನ (ಬಾಕ್ಸಿನೊಳಗೆ ಕೆಳಗೆ ತಿರುಗುವ ಜೋಡಿ ಶಾಫ್ಟು) ಮೊದಲ ಗೇರಿನ ಮೂರು ಹಲ್ಲು ಟಣ್ ಟಣ್ ಅಂತ ಬಿದ್ದವು. ಅವನ್ನು ಡೀಸೆಲ್‌ನಲ್ಲಿ ತೊಳೆದು, ಅಂಗಳದ ಶಹಾಬಾದ್ ಪರಸಿಯ ಮೇಲೆ ಬಿಸಿಲಿಗಿಟ್ಟು ನೋಡಿದೆ. ಮುರಿದ ಹಲ್ಲಿನ ಬುಡ ನೋಡಿದರೆ ಗಾಡಿಯ ಜಾತಕವೇ ಗೊತ್ತಾಗುತ್ತದೆ. ಒಂದೇ ಪೆಟ್ಟಿಗೆ ಮುರಿದರೆ ಮೇಲ್ಮೈ ಪೂರ್ತಿ ಬೆಲ್ಲ ಒಡೆದ ಹಾಗೆ ಹರಳು ಹರಳಾಗಿರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಸೀಳುತ್ತಾ ಬಂದಿದ್ದರೆ ಒಂದು ಭಾಗ ನುಣ್ಣಗೆ ಇದ್ದು, ಕೆರೆ ಬತ್ತುವಾಗ ದಂಡೆಯಲ್ಲಿ ಗೆರೆ ಬೀಳುತ್ತದಲ್ಲ, ಹಾಗೆ ಗೆರೆ ಗೆರೆ ಇರುತ್ತದೆ. ಈ ಮೂರರಲ್ಲಿ ಒಂದು ಹಲ್ಲಿಗೆ ಅರ್ಧ ಗೆರೆ, ಅರ್ಧ ಹರಳು. ಉಳಿದ ಎರಡು ಬರೀ ಹರಳು. ಅಂದರೆ ಮೊದಲ ಹಲ್ಲು ತಿಂಗಳುಗಟ್ಟಲೆ ಸದ್ದಿಲ್ಲದೆ ಸೀಳುತ್ತಿತ್ತು. ಕಲ್ಲಿನ ದಾರಿ ಸಿಕ್ಕಿದ ಆ ಕ್ಷಣಕ್ಕೆ ಅದು ಹೋಯಿತು, ಅಕ್ಕಪಕ್ಕದವನ್ನೂ ಕರೆದುಕೊಂಡು ಹೋಯಿತು. ಆ ಮೂರು ಹಲ್ಲು ಇವತ್ತಿಗೂ ನನ್ನ ಗಲ್ಲಾಪೆಟ್ಟಿಗೆಯಲ್ಲಿವೆ.

ಇದನ್ನು ಯಾಕೆ ಹೇಳಿದೆ ಅಂದರೆ, ಹೊಸ ಎಂಜಿನ್ನಿನ ಕುದುರೆಶಕ್ತಿ ಹಳೆಯದಕ್ಕಿಂತ ಜಾಸ್ತಿ ಇರಲಿಲ್ಲ. ಟಾರ್ಕ್ ಜಾಸ್ತಿ ಇತ್ತು, ಅದರ ಮೇಲೆ ಡೀಸೆಲ್‌ನ ಒಂದೊಂದು ಹೊಡೆತವೂ ಸುತ್ತಿಗೆ ಪೆಟ್ಟಿನ ಹಾಗೆ. ಬಿಗಿದು ಕೂತ ನಟ್ಟಿಗೆ ಪಾನಾ ಹಾಕಿ, ಪಾನಾಕ್ಕೆ ಉದ್ದ ಪೈಪ್ ತೂರಿಸಿ ಅದುಮುತ್ತೀರಲ್ಲ, ಆ ತಿರುಚುವ ಬಲವೇ ಟಾರ್ಕ್. ಅದನ್ನು ನಿಮಿಷಕ್ಕೆ ಎಷ್ಟು ಸಲ ಮಾಡುತ್ತೀರಿ ಅನ್ನುವುದನ್ನೂ ಸೇರಿಸಿದರೆ ಕುದುರೆಶಕ್ತಿ ಬರುತ್ತದೆ. ಗೇರಿನ ಹಲ್ಲನ್ನು ಬಗ್ಗಿಸುವುದು ತಿರುಚುವ ಬಲ.

ನಿಮ್ಮ ಪುಟದಲ್ಲಿದ್ದ ಕಾರಿನಲ್ಲೇ ಇದು ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ. ನನ್ನ ತಂಗಿಯ ಮಗ ಇಲ್ಲೇ ಎಂಜಿನಿಯರಿಂಗ್ ಓದುತ್ತಾನೆ. ಅವನು ಮೊಬೈಲಿನಲ್ಲಿ ಮ್ಯಾನ್ಯುವಲ್ ತೆರೆದುಕೊಟ್ಟ, ಎರಡು ರಾತ್ರಿ ಕೂತು ನೋಡಿದೆ. 1999ರಲ್ಲಿ ಬಂದ ಮೂರನೇ ತಲೆಮಾರಿನ ಎಂಆರ್2 ಕಾರಿನಲ್ಲಿ 1.8 ಲೀಟರ್ ಎಂಜಿನ್, 138 ಕುದುರೆಶಕ್ತಿ, ಟಾರ್ಕ್ ಸುಮಾರು 170 ನ್ಯೂಟನ್ ಮೀಟರ್. ಇದಕ್ಕೆ ಸೆಲಿಕಾ ಕಾರಿನ 1.8 ಲೀಟರ್ ಎಂಜಿನ್ ಹಾಕುವವರಿದ್ದಾರೆ. ಅದು 180 ಕುದುರೆಶಕ್ತಿಯದ್ದು. ಆದರೆ ಟಾರ್ಕ್ ಸುಮಾರು 180, ಹತ್ತೇ ಜಾಸ್ತಿ. ಉಳಿದ ಶಕ್ತಿಯೆಲ್ಲಾ ವೇಗವಾಗಿ ತಿರುಗುವುದರಿಂದ ಬಂದದ್ದು. ಹಳೆಯದು 6,400 ಸುತ್ತಿಗೆ ಪೂರ್ತಿ ಶಕ್ತಿ ಕೊಟ್ಟರೆ ಇದು 7,600 ಸುತ್ತಿಗೆ ಕೊಡುತ್ತದೆ. ಹಳೆಯ ಗೇರ್ ಬಾಕ್ಸಿಗೆ ಇದು ಬಂದದ್ದೇ ಗೊತ್ತಾಗುವುದಿಲ್ಲ ಅನ್ನಬಹುದು.

ನಿಮ್ಮವರು ಬರೆದ 268 ಕುದುರೆಶಕ್ತಿಯ ಎಂಜಿನ್ ಬೇರೆ ಜಾತಿ. ಕ್ಯಾಮ್ರಿಯಂಥ ದೊಡ್ಡ ಕಾರಿನ 3.5 ಲೀಟರ್ ವಿ6, ಅಂದರೆ ಆರು ಸಿಲಿಂಡರಿನದು. ಟಾರ್ಕ್ ಸುಮಾರು 336, ಹತ್ತಿರ ಹತ್ತಿರ ಎರಡರಷ್ಟು. ಮೊದಲ ಗೇರ್ ಅದನ್ನು ಮೂರು ಪಟ್ಟಿಗಿಂತ ಜಾಸ್ತಿ ಮಾಡುತ್ತದೆ. ಮೊದಲು 500 ಚಿಲ್ಲರೆ ಹೊರುತ್ತಿದ್ದ ಹಲ್ಲು ಈಗ ಸಾವಿರಕ್ಕೂ ಮೇಲೆ ಹೊರಬೇಕು. ಹಮಾಲನ ಬೆನ್ನ ಮೇಲೆ ಒಂದು ಚೀಲದ ಜಾಗಕ್ಕೆ ಎರಡು ಚೀಲ ಹಾಕಿ, ಬೆನ್ನು ಹಳೆಯದೇ ಸಾಕು ಅಂದ ಹಾಗಾಯಿತು.

ಕಾರು ಮಾಡಿದವರೇ ಹಾಗೆ ಮಾಡಲಿಲ್ಲ. ಅದೇ ಎಂಆರ್2 ಕಾರಿನ ಮೊದಲ ತಲೆಮಾರು 1984ರದ್ದು. ಅದರ 1.6 ಲೀಟರ್ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಹಾಕಿದಾಗ ಟೊಯೋಟಾ ಸಿ ಸಾಲಿನ ಗೇರ್ ಬಾಕ್ಸ್ ಬಿಟ್ಟು ಅದಕ್ಕಿಂತ ದೊಡ್ಡ ಇ ಸಾಲಿನದನ್ನು ಹಾಕಿತು. 1989ರ ಎರಡನೇ ತಲೆಮಾರಿನಲ್ಲೂ ಟರ್ಬೊ ಇಲ್ಲದ ಕಾರಿಗೆ ಒಂದು ಬಾಕ್ಸ್, ಟರ್ಬೊ ಕಾರಿಗೆ ಇ153 ಎಂಬ ಬೇರೆಯೇ ಗಟ್ಟಿ ಬಾಕ್ಸ್. ಕಾರ್ಖಾನೆಯವರಿಗೇನು ದುಡ್ಡು ಜಾಸ್ತಿಯಾಗಿತ್ತಾ? ತಿಳಿದವರು ವಿ6 ಹಾಕುವಾಗ ಈ ಇ153 ಹುಡುಕುವುದು ಇದಕ್ಕೇ. ದೂರ ಯಾಕೆ, ನಮ್ಮ ಅಂಬಾಸಿಡರ್‌ಗೆ ಇಸುಝು 1.8 ಲೀಟರ್ ಎಂಜಿನ್ ಬಂದಾಗ ಜೊತೆಗೆ ಐದು ಗೇರಿನ ಬಾಕ್ಸೂ ಬಂತು. ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿ ಹೋಗಿ ನೆಲಕ್ಕಿಳಿಯಿತು.

ಗಟ್ಟಿ ಬಾಕ್ಸ್ ಅಂದರೆ ಏನು ಗಟ್ಟಿ? ಹುಡುಗರು ಒಳ್ಳೆಯ ಉಕ್ಕು ಅನ್ನುತ್ತಾರೆ. ಅದೂ ಹೌದು. ಆದರೆ ಮೊದಲು ನೋಡಬೇಕಾದ್ದು ಹಲ್ಲಿನ ಅಗಲ ಮತ್ತು ಎರಡು ಶಾಫ್ಟಿನ ನಡುವಿನ ಅಂತರ. ಅಂತರ ಜಾಸ್ತಿ ಇದ್ದರೆ ಗೇರು ದೊಡ್ಡದಾಗುತ್ತದೆ, ಅದೇ ಟಾರ್ಕ್‌ಗೆ ಹಲ್ಲಿನ ಮೇಲೆ ಒತ್ತಡ ಕಡಿಮೆ. ಇನ್ನೊಂದು ಹೌಸಿಂಗ್, ಅಂದರೆ ಗೇರುಗಳನ್ನು ಹಿಡಿದಿಡುವ ಹೊರಗಿನ ಪೆಟ್ಟಿಗೆ. ಎರಡು ಗೇರು ಕಚ್ಚಿಕೊಂಡು ತಿರುಗುವಾಗ ಒಂದನ್ನೊಂದು ದೂರ ತಳ್ಳುತ್ತವೆ. ಟಾರ್ಕ್ ಹೆಚ್ಚಿದಷ್ಟೂ ತಳ್ಳಾಟ ಹೆಚ್ಚು. ಅಲ್ಯುಮಿನಿಯಂ ಹೌಸಿಂಗ್ ಕೂದಲಷ್ಟು ಹಿಗ್ಗಿದರೆ, ಶಾಫ್ಟ್ ಕೂದಲಷ್ಟು ಬಾಗಿದರೆ, ಹಲ್ಲುಗಳು ಪೂರ್ತಿ ಅಗಲದಲ್ಲಿ ಕೂಡದೆ ತುದಿಯಲ್ಲಷ್ಟೇ ಕಚ್ಚುತ್ತವೆ. ಮುರಿಯುವುದು ಅಲ್ಲಿಂದ. ಎಷ್ಟೋ ಸಲ ಮೂರು ಸಾವಿರ ಕೊಟ್ಟು ಹೊಸ ಗೇರ್ ಹಾಕಿಸಿಕೊಂಡವರು ಮತ್ತೆ ಅದೇ ಗೇರ್ ಮುರಿದುಕೊಂಡು ಬಂದಿದ್ದಾರೆ, ಯಾಕೆಂದರೆ ತಪ್ಪು ಗೇರಿನದ್ದಲ್ಲ, ಸಡಿಲಾದ ಬೇರಿಂಗ್ ಮನೆಯದು.

ಈಗ ಎಂಆರ್2ನಂಥ ಮಿಡ್ ಎಂಜಿನ್ ಕಾರಿನ ವಿಷಯ. ಚಾಲಕನ ಬೆನ್ನಿಗೂ ಹಿಂದಿನ ಚಕ್ರಕ್ಕೂ ನಡುವೆ ಎಂಜಿನ್ ಕೂತಿದ್ದರೆ ಅದನ್ನು ಹಾಗೆ ಕರೆಯುತ್ತಾರೆ. (ಎಂಜಿನ್ ಎರಡು ಅಚ್ಚಿನ ನಡುವೆ ಇದ್ದರೆ ಸಾಕು ಅಂದರೆ ನಮ್ಮ ಮಾರುತಿ ಓಮ್ನಿಯೂ ಆ ಜಾತಿಗೆ ಸೇರುತ್ತದೆ. ಮುಂದಿನ ಸೀಟಿನ ಕೆಳಗೆ 796 ಸಿಸಿ ಎಂಜಿನ್, ಮೇ ತಿಂಗಳಲ್ಲಿ ಕಲಬುರಗಿಯಿಂದ ಜೇವರ್ಗಿಗೆ ಹೋಗಿಬಂದರೆ ಅದು ಎಲ್ಲಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.) ಅಗ್ಗದ ಮಿಡ್ ಎಂಜಿನ್ ಕಾರುಗಳ ಗುಟ್ಟು ಏನೆಂದರೆ, ಮುಂದಿನ ಚಕ್ರ ಎಳೆಯುವ ಮನೆಬಳಕೆಯ ಕಾರಿನ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಒಟ್ಟಿಗೆ ಎತ್ತಿ ಬೆನ್ನ ಹಿಂದೆ ಇಟ್ಟುಬಿಡುವುದು. 1972ರ ಫಿಯಟ್ ಎಕ್ಸ್1/9 ಹಾಗೇ ಹುಟ್ಟಿದ್ದು, ಫಿಯಟ್ 128 ಕಾರಿನ ಸೆಟ್ ಎತ್ತಿಟ್ಟು. ಅಮೆರಿಕದ ಪಾಂಟಿಯಾಕ್ ಫಿಯೆರೊ ಕೂಡ ಹಾಗೇ, ಎಂಆರ್2 ಕೂಡ. ಬುದ್ಧಿವಂತ ಕೆಲಸವೇ. ಆದರೆ ನೋಡಲು ಸ್ಪೋರ್ಟ್ಸ್ ಕಾರು, ಒಳಗಿನ ಗೇರ್ ಬಾಕ್ಸ್ ಮಾತ್ರ ಮಕ್ಕಳನ್ನು ಶಾಲೆಗೆ ಬಿಡುವ ಕಾರಿನದು. ಅದನ್ನು ಅಷ್ಟೇ ಟಾರ್ಕ್‌ಗೆ ಲೆಕ್ಕ ಹಾಕಿ ಮಾಡಿರುತ್ತಾರೆ.

ಇನ್ನೊಂದು ತೊಂದರೆ ಬದಲಿಸುವುದು. ಜೀಪಿನಂಥ ಗಾಡಿಯಲ್ಲಿ ಗೇರ್ ಬಾಕ್ಸ್ ಬೇರೆ, ಎರಡು ಚಕ್ರಕ್ಕೆ ಬಲ ಹಂಚುವ ಹಿಂದಿನ ಡಿಫರೆನ್ಷಿಯಲ್ ಬೇರೆ. ನಡುವೆ ಉದ್ದದ ಶಾಫ್ಟ್. ಗೇರ್ ಬಾಕ್ಸ್ ನಾಲ್ಕಿಂಚು ಉದ್ದವಾದರೆ ಶಾಫ್ಟ್ ಕತ್ತರಿಸಿ ವೆಲ್ಡಿಂಗ್ ಮಾಡಿಸಿದರಾಯಿತು. ಇಲ್ಲಿ ಎರಡೂ ಒಂದೇ ಹೌಸಿಂಗಿನಲ್ಲಿ. ಎಂಜಿನ್ ಅಡ್ಡ ಮಲಗಿದೆ, ಅದರ ಪಕ್ಕದಲ್ಲೇ ಬಾಕ್ಸ್, ಅದರಾಚೆ ಚೌಕಟ್ಟಿನ ಕಬ್ಬಿಣ. ಒಂದಿಂಚು ಜಾಗ ಇಲ್ಲ. ಎರಡು ಕಡೆ ಆಕ್ಸೆಲ್ ಉದ್ದ ಕೂಡಬೇಕು, ಗೇರ್ ಕೇಬಲ್ ತಿರುಗುವ ದಿಕ್ಕು ಕೂಡಬೇಕು. ಕಂಪನಿಯದೇ ಇನ್ನೊಂದು ಬಾಕ್ಸ್ ಅಲ್ಲಿ ಕೂರುವಂತಿದ್ದರೆ ನಿಮ್ಮ ಪುಣ್ಯ.

ಎಲ್ಲಕ್ಕಿಂತ ಮುಖ್ಯವಾದ್ದು ನೆಲದ ಹಿಡಿತ. ನನ್ನ ರೈತರ ಜೀಪ್ ಕೆಸರಿನಲ್ಲಿ ಮುರಿಯಲಿಲ್ಲ, ಕಲ್ಲಿನ ಮೇಲೆ ಮುರಿಯಿತು. ಚಕ್ರ ಜಾರುತ್ತಿದ್ದಷ್ಟು ಹೊತ್ತು ಅದೇ ಗೇರ್ ಬಾಕ್ಸಿನ ಫ್ಯೂಸ್. ಜಾಸ್ತಿ ಬಂದ ಬಲ ಚಕ್ರದಲ್ಲೇ ಸೋರಿ ಹೋಗುತ್ತದೆ. ಮುಂದೆ ಎಂಜಿನ್ ಇದ್ದು ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಹಿಂಬದಿ ಹಗುರ, ದೊಡ್ಡ ಎಂಜಿನ್ ಹಾಕಿದರೆ ಚಕ್ರ ಹೊಗೆ ಎಬ್ಬಿಸಿ ಸುಮ್ಮನಾಗುತ್ತದೆ. ಮಿಡ್ ಎಂಜಿನ್ ಕಾರಿನಲ್ಲಿ ಎಂಜಿನ್ನಿನ ಭಾರವೆಲ್ಲಾ ಹಿಂದಿನ ಚಕ್ರಕ್ಕೆ ಹತ್ತಿರ. ಟೈರು ನೆಲ ಬಿಡುವುದಿಲ್ಲ. ಅದರ ಮೇಲೆ ಅಗಲದ ಟೈರ್ ಹಾಕಿ, ಜಾರದಂಥ ಗಟ್ಟಿ ಕ್ಲಚ್ ಹಾಕಿ, ಎರಡು ಫ್ಯೂಸನ್ನೂ ನೀವೇ ಕಿತ್ತುಬಿಡುತ್ತೀರಿ. ಆಮೇಲೆ ಉಳಿಯುವ ಫ್ಯೂಸ್ ಒಂದೇ, ಮೊದಲ ಗೇರಿನ ಹಲ್ಲು.

ಜರ್ಮನಿಯ ಪೋರ್ಷೆ 914 ಎಂಬ ಕಾರಿನಲ್ಲಿ ಇದನ್ನು ಒಪ್ಪಿಕೊಂಡೇ ಓಡಿಸುವವರಿದ್ದಾರೆ. 1969ರಿಂದ 1976ರವರೆಗೆ ಮಾಡಿದ ಪುಟ್ಟ ಮಿಡ್ ಎಂಜಿನ್ ಗಾಡಿ ಅದು, ಶುರುವಿನಲ್ಲಿ ಫೋಕ್ಸ್‌ವ್ಯಾಗನ್‌ನ 1.7 ಲೀಟರ್ ಎಂಜಿನ್. ಅಮೆರಿಕದ ಜನ ಅದಕ್ಕೆ ಶೆವ್ರೊಲೆಯ 5.7 ಲೀಟರ್ ವಿ8 ತುರುಕುತ್ತಾರೆ. ಗೇರ್ ಬಾಕ್ಸ್ ಹಳೆಯದೇ ಇಟ್ಟುಕೊಂಡವರು ಮೊದಲ ಗೇರನ್ನು ಮುಟ್ಟದೆ ಎರಡರಲ್ಲೇ ಗಾಡಿ ಎಬ್ಬಿಸುತ್ತಾರೆ. ಎಂಜಿನ್ನಿಗೆ ಬಲ ಇದೆ, ಎದ್ದೇಳುತ್ತದೆ. ನನಗೆ ನಗು ಬಂತು. ಕಾಲಿಗೆ ಮುಳ್ಳು ಚುಚ್ಚಿದವನು ಹಿಮ್ಮಡಿಯ ಮೇಲೆ ನಡೆದ ಹಾಗೆ. ಆದರೆ ಬುದ್ಧಿ ಇದೆ, ಹಲ್ಲಿನ ಬೆಲೆ ಗೊತ್ತಿದೆ ಅವರಿಗೆ.

ದೊಡ್ಡವರೂ ಪಾಠ ಕಲಿತಿದ್ದಾರೆ. ಫೋರ್ಡ್ ಕಂಪನಿ 1964ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸಿಗೆ ಜಿಟಿ40 ಎಂಬ ಮಿಡ್ ಎಂಜಿನ್ ಕಾರು ಮೂರು ಕಳಿಸಿತು. 4.2 ಲೀಟರ್ ವಿ8, ಇಟಲಿಯ ಕೊಲೊಟ್ಟಿ ಗೇರ್ ಬಾಕ್ಸ್. ಒಂದಕ್ಕೆ ಬೆಂಕಿ ಬಿತ್ತು, ಉಳಿದೆರಡು ಗೇರ್ ಬಾಕ್ಸಿನಿಂದ ನಿಂತವು. ಒಂದೂ ಗುರಿ ಮುಟ್ಟಲಿಲ್ಲ. ಆಮೇಲೆ ಏಳು ಲೀಟರ್ ಎಂಜಿನ್ ಹಾಕುವಾಗ ಟಿ-44 ಎಂಬ ದಪ್ಪ ಗೇರ್ ಬಾಕ್ಸನ್ನೇ ತಮಗಾಗಿ ಮಾಡಿಸಿಕೊಂಡರು. ಅದು ಭಾರ, ನಾಲ್ಕೇ ಗೇರು. 1966ರಲ್ಲಿ ಆ ಕಾರುಗಳೇ ಮೊದಲ ಮೂರೂ ಸ್ಥಾನ ತಗೊಂಡವು. ಪೇಪರಿನವರು ಆಗಲೂ ಏಳು ಲೀಟರ್ ಅಂತಲೇ ಬರೆದಿರಬೇಕು ಅಂತ ನನ್ನ ಅನುಮಾನ.

ಎಣ್ಣೆಯ ಬಗ್ಗೆ ಒಂದು ಮಾತು. ಮಿಡ್ ಎಂಜಿನ್ ಕಾರಿನ ಗೇರ್ ಬಾಕ್ಸಿಗೆ ಸೈಲೆನ್ಸರಿನ ಬಿಸಿ ಜಾಸ್ತಿ, ಗಾಳಿ ಕಡಿಮೆ. ನಮ್ಮ ಊರಿನ 43 ಡಿಗ್ರಿ ಬಿಸಿಲಿನಲ್ಲಿ ಎಣ್ಣೆ ನೀರಾಗುತ್ತದೆ. ಹಾಗಂತ ಸಿಕ್ಕ ಗಟ್ಟಿ ಎಣ್ಣೆ ಸುರಿಯಬೇಡಿ. ಡಬ್ಬದ ಮೇಲೆ ಎಣ್ಣೆಯ ದರ್ಜೆ ಜಿಎಲ್-4 ಇದೆಯೋ ಜಿಎಲ್-5 ಇದೆಯೋ ನೋಡಿ. ಜಿಎಲ್-5ರಲ್ಲಿ ಒತ್ತಡಕ್ಕೆ ಹಾಕುವ ರಾಸಾಯನಿಕ ಜಾಸ್ತಿ, ಗೇರ್ ಸದ್ದಿಲ್ಲದೆ ಕೂಡಲು ಇರುವ ಹಿತ್ತಾಳೆಯ ಸಿಂಕ್ರೊ ರಿಂಗನ್ನು ಅದು ತಿನ್ನಬಹುದು.

ಕಾನೂನಿನದೂ ನಿಮ್ಮವರು ಬರೆಯಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇದ್ದದ್ದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನನ್ನ ಜೀಪಿನ ಕಾಲದಲ್ಲಿ ಇದನ್ನು ಕೇಳುವವರು ಕಡಿಮೆ ಇದ್ದರು, ನಾನೂ ಕೇಳಲಿಲ್ಲ. ಈಗ ರಸ್ತೆಗೆ ಇಳಿಯುವ ಗಾಡಿಗೆ ಎಂಜಿನ್ ಬದಲಿಸಿ ಅಂತ ಯಾರಾದರೂ ಬಂದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ ಅನ್ನುತ್ತೇನೆ. ಅರ್ಧ ಜನ ವಾಪಸ್ ಬರುವುದಿಲ್ಲ.

ಇಷ್ಟೆಲ್ಲಾ ಬರೆಯಲು ಕಾರಣ ಆ ಅಳಿಯನೇ. ಅವನ ಕಾಲೇಜಿನ ಹುಡುಗರು ಬಾಹಾ ಸ್ಪರ್ಧೆಗೆ (ಎಂಜಿನಿಯರಿಂಗ್ ಹುಡುಗರು ತಾವೇ ಗಾಡಿ ಕಟ್ಟಿ ಓಡಿಸುವ ಸ್ಪರ್ಧೆ) ಅಂತ ಒಂದು ಬಗ್ಗಿ ಕಟ್ಟಿದ್ದರು. ಅದೂ ಬೆನ್ನ ಹಿಂದೆ ಎಂಜಿನ್ ಇರುವ ಗಾಡಿಯೇ. 10 ಕುದುರೆಶಕ್ತಿಯ ಬ್ರಿಗ್ಸ್ ಎಂಜಿನ್, ಮಹೀಂದ್ರಾ ಆಲ್ಫಾ ಆಟೊದ ಗೇರ್ ಬಾಕ್ಸ್. ಆ ಜೋಡಿ ಸರಿಯಾಗಿದೆ, ಆಟೊದ ಬಾಕ್ಸಿಗೆ ಆಟೊದಷ್ಟೇ ಭಾರ. ಎಂಜಿನ್ ಕಾಲೇಜಿಗೆ ವಾಪಸ್ ಹೋಯಿತು, ಚೌಕಟ್ಟು ನನ್ನ ಗ್ಯಾರೇಜಿನ ಹಿಂದೆ ಬಂತು. ನಿಮ್ಮ ಪುಟ ಓದಿದ ಮರುದಿನವೇ ಅಳಿಯ ಓಡಿ ಬಂದ.

“ಮಾಮಾ, ಮಾರುತಿ 800 ಎಂಜಿನ್ ಸಿಕ್ಕದ. ಮೂವತ್ತೇಳು ಹಾರ್ಸ್ ಪವರ್. ಕೂಡಿಸಿ ಕೊಡ್ರಿ.”

“ಗೇರ್ ಬಾಕ್ಸ್?”

“ಇದ್ದದ್ದೇ ನಡೀತದ ಅಲ್ಲಾ? ಪೇಪರ್‌ನ್ಯಾಗ ಬರ್ದಾರ.”

ಗಲ್ಲಾಪೆಟ್ಟಿಗೆ ತೆರೆದು ಆ ಮೂರು ಹಲ್ಲನ್ನು ಅವನ ಅಂಗೈಗೆ ಹಾಕಿದೆ. ಆ ಎಂಜಿನ್ನಿನ ಟಾರ್ಕ್ ಅವನ ಬ್ರಿಗ್ಸ್ ಎಂಜಿನ್ನಿಗಿಂತ ಸುಮಾರು ಮೂರು ಪಟ್ಟು. ಕಾಗದದ ಮೇಲೆ ಅವನೇ ಲೆಕ್ಕ ಹಾಕಿ ತಲೆ ಕೆರೆದುಕೊಂಡ. ಮಾರುತಿಯ ಎಂಜಿನ್ ತರುವವನು ಅದರ ಗೇರ್ ಬಾಕ್ಸನ್ನೂ ಎರಡು ಆಕ್ಸೆಲ್ಲನ್ನೂ ಸೇರಿಸಿ ಪೂರ್ತಿ ಸೆಟ್ ತಾ ಅಂದೆ. ಆ ಫಿಯಟ್‌ನವರು ಮಾಡಿದ್ದು ಇಷ್ಟೇ. ಓಡಿಸುವುದು ನಮ್ಮ ಹೊಲದಲ್ಲಿ ಮಾತ್ರ, ರಸ್ತೆಗೆ ಇಳಿಸಿದರೆ ಬೀಗದ ಕೈ ನನ್ನ ಹತ್ತಿರ ಅಂತಲೂ ಹೇಳಿದ್ದೇನೆ.

ಹಾಗಾಗಿ ನನ್ನ ವಿನಂತಿ ಚಿಕ್ಕದು. ಮುಂದೆ ಗಾಡಿಯ ಬಗ್ಗೆ ಬರೆಯುವಾಗ ಕುದುರೆಶಕ್ತಿಯ ಪಕ್ಕದಲ್ಲೇ ಟಾರ್ಕ್ ಎಷ್ಟು ಅಂತ ಹಾಕಿ. ಗೇರ್ ಬಾಕ್ಸ್ ಯಾವ ಗಾಡಿಗೆ ಅಂತ ಮಾಡಿದ್ದು ಅಂತ ಇನ್ನೊಂದು ಸಾಲು ಹಾಕಿ. ಹುಡುಗರು ನಿಮ್ಮ ಪುಟವನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆ, ನನ್ನ ಮಾತನ್ನು ಅಂಟಿಸಿಕೊಳ್ಳುವುದಿಲ್ಲ. ಆ ಲೇಖನ ಬರೆದವರು ಕಲಬುರಗಿಗೆ ಬಂದರೆ ಗ್ಯಾರೇಜಿಗೆ ಬರಲಿ. ಬೆಳಗ್ಗೆ ಹತ್ತರೊಳಗೆ ಬಂದರೆ ಒಳ್ಳೆಯದು, ಆಮೇಲೆ ಶೆಡ್ಡಿನ ತಗಡು ಕಾಯುತ್ತದೆ. ಮಾರುತಿಯ ಗೇರ್ ಬಾಕ್ಸ್ ಬಿಚ್ಚಿ ಪರಸಿಯ ಮೇಲೆ ಹರಡಿಟ್ಟಿದ್ದೇನೆ. ಹಲ್ಲೆಲ್ಲಾ ಚೆನ್ನಾಗಿವೆ. ಎರಡನೇ ಗೇರಿನ ಸಿಂಕ್ರೊ ರಿಂಗ್ ಒಂದು ಸವೆದಿದೆ, ಹೈದರಾಬಾದಿನಿಂದ ಬರಬೇಕು.

ಇಂತಿ,
ಒಬ್ಬ ಗೇರ್ ಬಾಕ್ಸ್ ಮಿಸ್ತ್ರಿ
ಆಳಂದ ರಸ್ತೆ, ಕಲಬುರಗಿ